ಮುಂದೆ ನಡೆಯುವ ಮರಿಗೆ ಅಂಕವಿಲ್ಲ

ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇದ ಕುರಿಗಳು ಕೆಳಗಿಳಿದ ದಿನ ಐಸ್‌ಲ್ಯಾಂಡಿನ ಆ ಕಣಿವೆಯಲ್ಲಿ ಯಾರಿಗೂ ಕಾಲು ನಿಲ್ಲುವುದಿಲ್ಲ. ಹಾಡು, ಮಾಂಸದ ಸಾರಿನ ಘಮ, ಕುರಿಗಳ ಕೂಗು. ಸೋಲ್ವೇಗ್ ಮಾತ್ರ ದೊಡ್ಡಿಯ ಗೋಡೆಗೆ ಒರಗಿ ಹಾಲ್ವರನ ಬೆರಳುಗಳನ್ನೇ ನೋಡುತ್ತಿದ್ದಳು.

ಹಾಲ್ವರ್ ಮರಿಗಳಿಗೆ ದರ್ಜೆ ಕೊಡುವವನು. ಬೆನ್ನು ಒತ್ತಿ ನೋಡಿ ಅಂಕ ಹಾಕುವನು. ಮಾಂಸ ತುಂಬಿದ್ದರೆ ಹಸಿರು ಬಳಿಯುವನು, ಅದು ಮಂದೆಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಕೆಂಪು, ಅದು ಕಸಾಯಿಖಾನೆಗೆ. ಅವನು ಬಳಿದ ಬಣ್ಣ ಮೀರಬಾರದೆಂದು ಸೋಲ್ವೇಗ್ ಮತ್ತು ಅವಳ ತಮ್ಮ ಓರ್ಮುರ್ ಮಾತಾಡಿಕೊಂಡಿದ್ದರು. ಮಂದೆ ಇಬ್ಬರದೂ ತಾನೆ.

ಸ್ಕೋಟ್ಟಾ ಎಂಬ ಚುಕ್ಕೆಮರಿಯ ಸರದಿ ಬಂತು. ಉದ್ದ ಕಾಲು, ಬರೀ ಮೂಳೆ ಚಕ್ಕಳ. ಅದರ ಅಜ್ಜಿ ಹಿಮಗಾಳಿಯಲ್ಲಿ ಮುಂದೆ ನಡೆದು ಮಂದೆಯನ್ನೆಲ್ಲ ಮನೆ ಸೇರಿಸಿದ್ದಳು. ಮೊಮ್ಮಗಳಿಗೆ ಆ ಗುಣ ಬಂದಿದೆಯೋ ಇಲ್ಲವೋ, ಸೋಲ್ವೇಗ್‌ಗೂ ಗೊತ್ತಿರಲಿಲ್ಲ.

ಕೆಂಪು ಬಿತ್ತು.

"ಅಲ್ಲ ಕಣಯ್ಯ, ಅದು ಮುಂದಾಳು ವಂಶದ್ದು!"

"ಅದಕ್ಕೆ ನನ್ನ ಹತ್ರ ಅಂಕ ಇಲ್ಲಕ್ಕ. ನಾನು ಅಳೆಯೋದು ವಿಜ್ಞಾನ. ನಿಂದು ಅಕ್ಕರೆ."

"ಬೆನ್ನೇ ಮುಟ್ಟು ಅಂತ ನಿಂಗೆ ಹೇಳ್ದೋರು ಯಾರು? ಕುರೀನಾ?"

"ಮಾಂಸ ಕೊಳ್ಳೋರು."

"ಅವರ ನಾಲಿಗೆ ಚಪಲ ವಿಜ್ಞಾನ, ನನ್ನದು ಅಕ್ಕರೆ! ಚೆನ್ನಾಗಿದೆ ನಿನ್ನ ಲೆಕ್ಕ."

ಹಾಲ್ವರ್ ನಕ್ಕ. ಮುಂದಿನ ಮರಿಯ ಬೆನ್ನಿಗೆ ಕೈ ಹಾಕಿದ. ಓರ್ಮುರ್ ಮರಿಯನ್ನು ಎತ್ತಿ ಕೆಂಪು ಬಳಿದವುಗಳ ದೊಡ್ಡಿಗೆ ಬಿಟ್ಟ. ಸೋಲ್ವೇಗ್ ಮುಖ ತಿರುಗಿಸಿದಳು.

ಹಸಿರು ಬಳಿದವನ್ನು ಮನೆಗೆ ಅಟ್ಟಬೇಕು. ಹೊಳೆಗೆ ಹೊಸದಾಗಿ ಹಾಕಿದ್ದ ಹಲಗೆಯ ಸೇತುವೆ ಸಿಕ್ಕಿದ್ದೇ ತಡ, ಕೊಬ್ಬಿದ ಮರಿಗಳೆಲ್ಲ ಕಲ್ಲಾದವು. ತಳ್ಳಿದರೂ ಇಲ್ಲ, ನಾಯಿ ಬೊಗಳಿದರೂ ಇಲ್ಲ.

"ಮೊದಲ ದರ್ಜೆಯ ಮೊದ್ದುಗಳು!" ಎಂದು ಕೂಗಿ ಕೂಗಿ ಓರ್ಮುರನ ಗಂಟಲು ಬಿದ್ದುಹೋಯಿತು. ಕೊನೆಗೆ ಅವನೇ ಹಿಂದೆ ಓಡಿಹೋಗಿ ಕೆಂಪು ದೊಡ್ಡಿಯ ಬಾಗಿಲು ತೆಗೆದ. "ಬಾ ತಾಯಿ, ಅದೇನು ಮಾಡ್ತೀಯೋ ನೋಡೇಬಿಡೋಣ."

ಸ್ಕೋಟ್ಟಾ ಗುಂಪಿನ ನಡುವೆ ನುಸುಳಿ ಮುಂದೆ ಬಂತು. ಹಲಗೆ ಮೂಸಿತು. ಕಿವಿ ನೆಟ್ಟಗೆ ಮಾಡಿ, ಮದುವೆಮನೆಗೆ ಹೊರಟ ಹೆಂಗಸಿನ ಹಾಗೆ ಟಕಟಕ ನಡೆದೇಬಿಟ್ಟಿತು. ಹಿಂದೆ ಹಸಿರಿನವೆಲ್ಲ ಹೊಳೆಯಂತೆ ಹರಿದವು. ಓರ್ಮುರ್ ಬಾಗಿಲು ಹಾಕಲು ಮರೆತಿದ್ದರಿಂದ ಕೆಂಪಿನವೂ ಅವುಗಳ ಬೆನ್ನಿಗೆ ಬಿದ್ದವು.

ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೋಲ್ವೇಗ್‌ಳ ಕಣ್ಣಲ್ಲಿ ನೀರೇ ಬಂತು.

"ನನ್ನ ಬೆರಳು ಸುಳ್ಳು ಹೇಳಿಲ್ಲ," ಎಂದ ಹಾಲ್ವರ್, "ಬೆನ್ನಲ್ಲಿ ಮಾಂಸ ಈಗಲೂ ಇಲ್ಲ. ಆದ್ರೆ ಮುಂದಿನ ವರ್ಷ ಬೆನ್ನಿಗೊಂದು ಅಂಕ, ನಡಿಗೆಗೊಂದು ಅಂಕ. ಒಪ್ಪಿದೆ ಮಾರಾಯ್ತಿ."

"ಮುಂದಿನ ವರ್ಷದ ಮಾತು ಆಮೇಲೆ!" ಓರ್ಮುರ್ ಅವನ ಕೈಯಿಂದ ಹಸಿರು ಬಣ್ಣದ ಕಡ್ಡಿ ಕಿತ್ತುಕೊಂಡು, ಸ್ಕೋಟ್ಟಾಳ ಹೆಸರು ಕೂಗುತ್ತ ಸೇತುವೆಯ ಮೇಲೆ ಓಡಿದ.