ಎರಡು ಕಾರು, ಒಂದು ಚೊಂಬು

ಮಾರ್ಚಿನಲ್ಲಿ ಮಗಳ ಮನೆಗೆಂದು ನಗೋಯಾಕ್ಕೆ ಬಂದ ಶ್ರೀಕಂಠಶಾಸ್ತ್ರಿಗಳು, ಕೊರೋನಾದ ದೆಸೆಯಿಂದ ವಿಮಾನಗಳು ನಿಂತುಹೋದ ಮೇಲೆ ಅಲ್ಲಿಯೇ ಉಳಿದುಬಿಟ್ಟಿದ್ದರು. ಈಗ ನವರಾತ್ರಿ ಹತ್ತಿರ ಬಂದಿತ್ತು. ಜನ ತುಂಬಿದ ಸಬ್‌ವೇಯ ಸಹವಾಸ ಬೇಡ, ಒಂದು ಕಾರು ಕೊಂಡುಕೋ ಎಂದು ಮಗಳಿಗೆ ಹೇಳಿದವರು ಅವರೇ; ಆಯುಧಪೂಜೆಯನ್ನು ತಾವೇ ಮಾಡಿಕೊಡುವೆನೆಂದವರೂ ಅವರೇ.

ಹಯಾಶಿ ಸಾನ್ ಅವರ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಡಿಯಲ್ಲಿ ಎರಡು ಸೆಡಾನ್‌ಗಳು ಅಕ್ಕಪಕ್ಕ ನಿಂತಿದ್ದವು. ಒಂದು ಎಂಬತ್ತರ ದಶಕದ್ದು: ಉದ್ದನೆಯ ಮೂತಿ, ಮಖಮಲ್ಲಿನ ಸೀಟು, ಅದರ ಮೇಲೆ ಬಿಳಿಯ ಲೇಸಿನ ಹೊದಿಕೆ. ಇನ್ನೊಂದು ಆರು ವರ್ಷ ಓಡಿದ, ಕಣ್ಣನ್ನು ಎಲ್ಲಿಯೂ ತಡೆದು ನಿಲ್ಲಿಸದ ಬೂದುಬಣ್ಣದ ಗಾಡಿ.

ಆ ಬೂದು ಗಾಡಿಯ ಹಿಂಬದಿಯ ಸಸ್ಪೆನ್ಷನ್, ಅಂದರೆ ರಸ್ತೆಯ ಕುಲುಕನ್ನು ನುಂಗುವ ಭಾಗ, ಮಗಳು ಜಲಜಾ ಇಲ್ಲಿನ ಕಾರು ಕಂಪನಿಯಲ್ಲಿ ಎಂಜಿನಿಯರಾಗಿ ಕೆಲಸಕ್ಕೆ ಸೇರಿದ ಮೇಲೆ ರೂಪಿಸಿದ ಮೊದಲ ಕೃತಿ. ತಂದೆಗೆ ಅದನ್ನವಳು ಹೇಳಿರಲಿಲ್ಲ. ಶ್ಲೋಕದಲ್ಲಿ ಒಂದು ಮಾತ್ರೆ ತಪ್ಪಿದರೂ ಪುಸ್ತಕವನ್ನೇ ಮಡಿಚಿಡುವ ಆ ಕಣ್ಣಿನ ಮುಂದೆ, ಮಗಳದೆಂಬ ರಿಯಾಯಿತಿಯಿಲ್ಲದೆ ತನ್ನ ಕೆಲಸ ಒಮ್ಮೆ ನಿಲ್ಲಬೇಕೆಂಬುದು ಅವಳ ಬಹುದಿನದ ಆಸೆ.

ಶಾಸ್ತ್ರಿಗಳು ಹಳೆಯ ಕಾರಿನ ಬಾಗಿಲು ಹಾಕಿ, ಆ ಗಂಭೀರವಾದ ಸದ್ದಿಗೆ ತಲೆದೂಗಿದರು. "ನೋಡಮ್ಮ, ಲಕ್ಷಣ ಅಂದ್ರೆ ಇದು. ಅದು ರೈಸ್ ಕುಕ್ಕರಿಗೆ ಚಕ್ರ ಹಾಕಿದ ಹಾಗಿದೆ."

"ಕೂತು ನೋಡಿ ಹೇಳಿ ಅಪ್ಪ. ಎರಡನ್ನೂ ಓಡಿಸ್ತೀನಿ."

"ಬರೀ ಕೂತರೆ ಪರೀಕ್ಷೆ ಆಯ್ತೇ?" ಎನ್ನುತ್ತ ಅವರು ಚೀಲದಿಂದ ತಮ್ಮ ಹಿತ್ತಾಳೆಯ ಚೊಂಬನ್ನು ತೆಗೆದು, ಅಂಚಿನವರೆಗೆ ನೀರು ತುಂಬಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಹಯಾಶಿ ಸಾನ್ ಮಾಸ್ಕಿನೊಳಗೇ ನಗು ನುಂಗಿಕೊಂಡು ಎರಡು ಟವೆಲ್ ತಂದುಕೊಟ್ಟರು.

ರೈಲ್ವೆ ಗೇಟು ದಾಟುವಾಗ ಹಳೆಯ ಕಾರು ದೋಣಿಯಂತೆ ತೂಗಿತು. "ಉಯ್ಯಾಲೆ ಸೇವೆ ಜೊತೆಗೆ ಅಭಿಷೇಕವೂ ಆಯ್ತು," ಎಂದು ಶಾಸ್ತ್ರಿಗಳು ಪಂಚೆ ಹಿಂಡಿಕೊಂಡರು.

ಚೊಂಬು ಮತ್ತೆ ತುಂಬಿತು. ಈಗ ಬೂದು ಕಾರು. ಅದೇ ದಾರಿ, ಅದೇ ವೇಗ. ಜಲಜಾಳ ಕಣ್ಣು ರಸ್ತೆಯ ಮೇಲಿದ್ದರೂ ಕಿವಿ ಹಿಂದೆಯೇ ಇತ್ತು. ಹಳಿಗಳು ಬಂದವು, ಹೋದವು.

"ಅಪ್ಪ?"

"ನಿಲ್ಲಿಸು."

ದಾರಿಬದಿಯ ಕೊಂಬಿನಿ ಅಂಗಡಿಯೊಂದರ ಅಂಗಳದಲ್ಲಿ ನಿಲ್ಲಿಸಿದಳು. ಶಾಸ್ತ್ರಿಗಳು ಇಳಿದು ತೊಡೆಯ ಮೇಲಿದ್ದ ಟವೆಲನ್ನು ಬಿಡಿಸಿ ತೋರಿಸಿದರು. ಒಂದು ಹನಿಯ ಕಲೆಯೂ ಇರಲಿಲ್ಲ.

"ಇದನ್ನ ಮಾಡಿದವನು ಯಾರೋ ತಪಸ್ವಿ ಕಣಮ್ಮ. ಹೊರಗೆ ಆಡಂಬರವಿಲ್ಲ, ಒಳಗೆ ನಿಗ್ರಹ. ಎಲ್ಲಿದ್ದರೂ ಅವನಿಗೆ ನನ್ನದೊಂದು ನಮಸ್ಕಾರ." ಚೊಂಬನ್ನು ನೆಲದ ಮೇಲಿಟ್ಟು, ಹಿಂದಿನ ಚಕ್ರದ ಕಡೆಗೆ ಬಾಗಿ ಕೈ ಮುಗಿಯಹೋದರು.

ಹೆತ್ತವರ ನಮಸ್ಕಾರವನ್ನು ಮಕ್ಕಳು ಪಡೆಯುವುದುಂಟೇ? ಜಲಜಾ ಹೌಹಾರಿ ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಬೇಡ ಅಪ್ಪ, ನೀವು ಮಾಡಬಾರದು! ಅದು... ನಂದು. ನನ್ನ ಮೊದಲನೇ ಡಿಸೈನ್."

ಶಾಸ್ತ್ರಿಗಳು ಅವಳನ್ನು ನೋಡಿದರು, ಕಾರನ್ನು ನೋಡಿದರು. "ಮೊದಲೇ ಬಾಯಿ ಬಿಡೋಕೇನಾಗಿತ್ತು?"

"ಹೇಳಿದ್ರೆ ಅಪ್ಪ ಪಾಸ್ ಮಾಡ್ಬಿಡ್ತಿದ್ರು. ನನ್ನನ್ನ ಶಾಸ್ತ್ರಿಗಳು ಪಾಸ್ ಮಾಡ್ಬೇಕಿತ್ತು."

ಮುಗಿಯಲೆಂದು ಎತ್ತಿದ ಕೈಗಳು ಅವಳ ತಲೆಯ ಮೇಲೆ ಇಳಿದವು. ಬಹಳ ಹೊತ್ತು ಅಲ್ಲಿಯೇ ಇದ್ದವು.

"ನಡಿ, ಹಯಾಶಿ ಸಾನ್ ಕಾಯ್ತಿರ್ತಾರೆ," ಎಂದು ಅವರು ಮತ್ತೆ ಹಿಂದಿನ ಸೀಟಿನಲ್ಲಿ ಕುಳಿತು ಚೊಂಬನ್ನು ಮಡಿಲಿಗೆ ತೆಗೆದುಕೊಂಡರು. "ಈ ರೈಸ್ ಕುಕ್ಕರ್ ಮಾಡಿದವಳು ನನ್ನ ಮಗಳು ಅನ್ನೋದನ್ನ ಜಪಾನಿ ಭಾಷೇಲಿ ಹೇಗೆ ಹೇಳ್ತಾರೆ, ಕಲಿಸು. ನೀನು ಸುಮ್ಮನೆ ನಿಂತಿರು. ನಾನೇ ಹೇಳ್ಬೇಕು."