ಒಂದು ಕಾಲೆತ್ತಿ ನಿಂತ ಮನೆ

ಒಂದಾನೊಂದು ಕಾಲಕ್ಕೆ, ಬೀದರಿನ ಆಚೆ ಎಲ್ಲೋ ಒಬ್ಬ ಮುದುಕಿಯಿದ್ದಳು. ಅವಳ ಮನೆಗೆ ನಾಲ್ಕು ಕಾಲು. ಬೇಸರವಾದಾಗಲೆಲ್ಲ ಮನೆ ಮೈಮುರಿದು ಎದ್ದು ನಡೆಯುತ್ತಿತ್ತು. ಮುದುಕಿ ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಕಿಟಕಿಯಲ್ಲಿ ಕೆರೆಯ ಮೇಲೆ ಕೆರೆ ನೋಡುತ್ತಿದ್ದಳು. ಒಂದು ಸಂಜೆ ಮನೆ ಸಮುದ್ರದಂಥ ಕೆರೆಯ ದಂಡೆಗೆ ಬಂದು ಮುಂಗಾಲು ಎತ್ತಿತು.

ಅಲ್ಲಿಗೆ ನನ್ನಜ್ಜಿ ಚನಬಸವ್ವ ಕಥೆ ನಿಲ್ಲಿಸಿಬಿಟ್ಟಳು. ಆಗ ನನಗೆ ಆರು ವರ್ಷ. ಅಪ್ಪನಿಗೆ ಮರಾಠಿ ಸೀಮೆಯ ವಾಳೂಜಿನಲ್ಲಿ ಕೆಲಸ ಸಿಕ್ಕು, ನಾವು ಬೀದರ್ ಬಿಟ್ಟು ಬಂದು ತಿಂಗಳಾಗಿತ್ತಷ್ಟೆ.

"ಮನಿ ಹೊಳ್ಳಿ ತಮ್ಮ ಊರಿಗಿ ಹೋತಾ?" ಎಂದು ಕೇಳಿದ್ದೆ.

"ಹೂಂ ಅನ್ನೂದು ಬಿಟ್ಟು ಪ್ರಶ್ನಿ ಕೇಳ್ತಿ? ಹೂಂ ಅನ್ನದ ಕಥಿ ಮುಂದಕ ನಡಿಯಂಗಿಲ್ಲ," ಎಂದು ಅಜ್ಜಿ ಹೊದಿಕೆ ಎಳೆದುಕೊಂಡಳು. ನಾನು ಅತ್ತೆ, ಕಾಲು ಬಡಿದೆ. ಕೊನೆಗೆ ಆಕೆ, "ದೊಡ್ಡಾಕಿ ಆಗಿ ನನ್ನ ಅಂಥಾದ್ದೇ ನಡಿಯೋ ಮನ್ಯಾಗ ಕುಂಡ್ರಿಸು. ಆವಾಗ ಉಳಿದದ್ದು ಹೇಳ್ತೀನಿ. ಮಾತು ಅಂದ್ರ ಮಾತು," ಎಂದಳು.

ಹದಿನೆಂಟು ವರ್ಷ ಆ ಮನೆ ನನ್ನ ತಲೆಯೊಳಗೆ ಒಂದು ಕಾಲೆತ್ತಿಕೊಂಡೇ ನಿಂತಿತ್ತು. ಪರೀಕ್ಷೆಯ ಹಾಲಿನಲ್ಲಿ, ಬಸ್ಸಿನ ಕಿಟಕಿಯಲ್ಲಿ, ಈಗ ನನ್ನ ಆಫೀಸಿನ ಮೇಜಿನ ಮುಂದೆಯೂ. ಪಾಪ, ಅದಕ್ಕೆ ಕಾಲು ಜೋಮು ಹಿಡಿದಿರಬೇಕು ಅನ್ನಿಸುತ್ತಿತ್ತು.

ಈ ಜನವರಿಯಲ್ಲಿ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿರುವ ಅಜ್ಜಿಯ ಮಗ ಬಸವಕುಮಾರ ಮಾಮಾ ರಜೆ ಹಾಕಿದ. ನಾನೂ ಮಾಮಾನೂ ಸೇರಿ ನಾಸಿಕದಲ್ಲಿ ಗಾಲಿಯ ಮೇಲಿನ ಮನೆಯಂಥ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದೆವು. ಎರಡು ರಾತ್ರಿ, ಮೂರು ಹಗಲು. ಮೂರನೆಯ ಬೆಳಿಗ್ಗೆ ನಮ್ಮನ್ನು ವಾಳೂಜಿನಲ್ಲಿ ಇಳಿಸಿ ಮಾಮಾ ಗಾಡಿ ಹಿಂದಿರುಗಿಸಬೇಕು. ಅಷ್ಟರೊಳಗೆ ನನಗೆ ಕಥೆಯ ಕೊನೆ ಬೇಕಿತ್ತು.

ನನ್ನ ಜೊತೆ ನಾಸಿಕಕ್ಕೆ ಬಂದ ಅಜ್ಜಿ ಗಾಡಿಯನ್ನು ಮದುವೆಯ ಹೆಣ್ಣು ನೋಡಿದಂತೆ ಸುತ್ತಿ ನೋಡಿದಳು. ಮಡಚುವ ಹಾಸಿಗೆ, ಪುಟ್ಟ ಫ್ರಿಜ್, ಎರಡು ಕಣ್ಣಿನ ಒಲೆ ಎಲ್ಲವನ್ನೂ ಮುಟ್ಟಿದಳು. ಆಮೇಲೆ ಬಗ್ಗಿ ಕೆಳಗೂ ಇಣುಕಿದಳು.

"ಇದಕ್ಕ ಕಾಲೆಲ್ಲಿ?"

"ಗಾಲಿ ಅವ ಅಲ್ಲೇನ್ ಅಜ್ಜಿ!"

"ಕಥ್ಯಾಗ ಕಾಲು ಇದ್ವು," ಎಂದು ಮೂಗು ಮುರಿದಳು. ಆದರೂ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತವಳು ಅವಳೇ.

ನಾಸಿಕದಲ್ಲಿ ಮೊಳಕೆ ಕಾಳಿನ ಖಾರದ ಮಿಸಳ ತಿಂದೆವು. ಕಪ್ಪು ಮಸಾಲೆಯ ಕೆಂಪು ರಸದ ಮೇಲೆ ಎಣ್ಣೆ ಮಿನುಗುತ್ತಿತ್ತು. ಬದಿಗೆ ಹಪ್ಪಳ, ಮೊಸರು, ಜಿಲೇಬಿ. ಅಜ್ಜಿ ಎರಡು ಸಲ ರಸ ಹಾಕಿಸಿಕೊಂಡಳು. ಸಂಜೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿಗೆ ಮುಖಮಾಡಿ ಗಾಡಿ ನಿಲ್ಲಿಸಿದೆವು. ಗುಡ್ಡಗಳು ತಲೆಕೆಳಗಾಗಿ ನೀರಿನಲ್ಲಿ ಮಲಗಿದ್ದವು. ದ್ರಾಕ್ಷಿಯ ಗೊಂಚಲು ಮಡಿಲಲ್ಲಿಟ್ಟುಕೊಂಡು ನಾನು ಮೆಲ್ಲಗೆ, "ಅಜ್ಜಿ, ಕಥಿ..." ಎಂದೆ.

"ಮಿಸಳ ತಿಂದು ಹೊಟ್ಟಿ ಉರೀಲಿಕತ್ತದ. ಉರಿಯೋ ಹೊಟ್ಟಿಲಿಂದ ಕಥಿ ಹೇಳಬಾರದು."

"ಇದು ಯಾವಾಗಿನ ಕಾನೂನು?"

"ಈಗಿನದು," ಎಂದವಳೇ ಗೋಡೆಗೆ ಮುಖ ತಿರುಗಿಸಿದಳು. ಉರಿಯುವ ಹೊಟ್ಟೆಯ ಅಜ್ಜಿ ಐದೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದಳು.

ಎರಡನೆಯ ದಿನ ನಾಂದೂರ ಮಧ್ಯಮೇಶ್ವರದಲ್ಲಿ ಹಕ್ಕಿ ನೋಡಿದೆವು. ದೂರದೇಶದ ಬಾತುಗಳು ನೀರಿನ ಮೇಲೆ ಎಳ್ಳು ಚೆಲ್ಲಿದಂತೆ ಕೂತಿದ್ದವು. ಅಜ್ಜಿ ಕ್ಯಾರವಾನಿನ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದಳು. ಆ ಸಪ್ಪಳಕ್ಕೆ ಪಕ್ಕದ ಕಾರಿನವರು ರಿಪೇರಿ ನಡೆದಿದೆಯೇನೋ ಎಂದು ಬಂದು ನೋಡಿದರು. ಬೆಣ್ಣೆ ಹಚ್ಚಿದ ರೊಟ್ಟಿ ತಿಂದುಹೋದರು. ಅಲ್ಲಿಂದ ವೈಜಾಪುರ ದಾಟಿ ಪೈಠಣದ ನಾಥಸಾಗರ ಜಲಾಶಯಕ್ಕೆ ಹೊರಟೆವು. ಉಳಿದದ್ದು ಒಂದೇ ಸಂಜೆ.

"ಅಜ್ಜಿ, ಈಗಾದ್ರೂ ಹೇಳು."

"ಹುಚ್ಚಿ! ಹಗಲಿನ್ಯಾಗ ಕಥಿ ಹೇಳಿದ್ರ ಸೋದರಮಾವ ದಾರಿ ತಪ್ಪತಾನ. ಗೊತ್ತಿಲ್ಲೇನು?"

"ನಿನ್ನ ಸೋದರಮಾವ ಇಲ್ಲೇ ಸ್ಟೇರಿಂಗ್ ಹಿಡಕೊಂಡು ಕುಂತಾನ, ವಿಜೂ," ಎಂದು ಮಾಮಾ ಕನ್ನಡಿಯಲ್ಲಿ ನಕ್ಕ. "ಮ್ಯಾಪ್ ಹಚ್ಚೀನಿ. ಬಿಂದಾಸ್ ಹೇಳಸು."

ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಆಗ ನನಗೊಂದು ಉಪಾಯ ಹೊಳೆಯಿತು. ನಾನೇ ಶುರುಮಾಡಿದೆ.

"ಒಬ್ಬಾಕಿ ಮುದುಕಿ ಇದ್ಲು, ಮಾಮಾ. ಆಕಿ ಮನಿಗಿ ಆರು ಕಾಲು."

ಅಜ್ಜಿ ಕೆಮ್ಮಿದಳು.

"ಆಕಿ ಒಳಗ ಕುಂತು ಚಪಾತಿ ಲಟ್ಟಸ್ತಿದ್ಲು."

"ಚಪಾತಿ?" ಅಜ್ಜಿ ಸೀಟಿನಿಂದ ಅರ್ಧ ಎದ್ದಳು. "ಚಪಾತಿ ನಿಮ್ಮವ್ವ ಮಾಡ್ತಾಳ! ಆಕಿ ರೊಟ್ಟಿ ಬಡಿತಿದ್ಲು, ರೊಟ್ಟಿ! ನಾಕೇ ಕಾಲು! ಅದಕ್ಕೇ ಅಲ್ಲೇನು ಮನಿ ಹಿಂದ ಜೋಳದ ಚೀಲಾ ಕಟ್ಟಿದ್ದು, ಹರಕ ಚೀಲಾ..."

ಥಟ್ಟನೆ ನಾಲಗೆ ಕಚ್ಚಿಕೊಂಡಳು. ಈ ಚೀಲದ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ.

"ಯಾವ ಚೀಲಾ, ಅಜ್ಜಿ?"

"ಯಾವ ಚೀಲಾ, ಅವ್ವಾ?" ಮಾಮಾನೂ ಹಿಂದೆ ತಿರುಗಿ ಕೇಳಿದ. ಹೊರಳಬೇಕಾದ ರಸ್ತೆ ಅಷ್ಟರಲ್ಲಿ ಹಿಂದೆ ಸರಿದುಹೋಯಿತು.

ಅರ್ಧ ಗಂಟೆಯ ಮೇಲೆ ನಾವು ಎರಡು ಜೋಳದ ಹೊಲಗಳ ನಡುವಿನ ಮಣ್ಣಿನ ದಾರಿಯಲ್ಲಿದ್ದೆವು. ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ತೆನೆಗಳು ಕಿಟಕಿ ತಟ್ಟುತ್ತಿದ್ದವು.

"ಹೇಳಿದ್ನಾ?" ಎಂದಳು ಅಜ್ಜಿ. ಅವಳ ದನಿಯಲ್ಲಿ ಭಯಕ್ಕಿಂತ ಗೆದ್ದ ಖುಷಿಯೇ ಹೆಚ್ಚಿತ್ತು.

ದಾರಿ ಮುಗಿದಲ್ಲಿ ನೀರು ಕಂಡಿತು. ಆಚೆ ದಂಡೆಯೇ ಇಲ್ಲದ ನೀರು. ನಾಥಸಾಗರ ತಾನೇ ನಮ್ಮನ್ನು ಹುಡುಕಿಕೊಂಡು ಬಂದಿತ್ತು. ದಂಡೆಯ ಮೇಲೆ ಬಿಳಿ ಟೋಪಿಯ ರೈತರೊಬ್ಬರು ಗುಂಡಿಯಲ್ಲಿ ಸಗಣಿ ಕುಳ್ಳಿನ ಕೆಂಡ ಮಾಡಿಕೊಂಡು ಹಸಿ ತೆನೆ ಸುಡುತ್ತಿದ್ದರು. ಭುಜಂಗರಾವ್ ಎಂದು ಹೆಸರು ಹೇಳಿದರು. ದಾರಿ ತಪ್ಪಿ ಬಂದೆವೆಂದು ಮಾಮಾ ಮರಾಠಿಯಲ್ಲಿ ಹೇಳುತ್ತಿದ್ದಂತೆ ಗೋಣಿ ಝಾಡಿಸಿ ಹಾಸಿದರು.

"ಯಾ, ಬಸಾ. ಹುರಡಾ ಖಾ," ಎಂದು ಕೂತು ಸುಟ್ಟ ತೆನೆ ತಿನ್ನಲು ಕರೆದರು.

ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳನ್ನು ನಮ್ಮ ಬೊಗಸೆಗೆ ಸುರಿದರು. ಜೊತೆಗೆ ಬೆಳ್ಳುಳ್ಳಿ ಚಟ್ನಿ, ಬೆಲ್ಲದ ತುಂಡು. ಅಜ್ಜಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿದಳು.

"ಸೀತನಿ," ಎಂದಳು. "ನಮ್ಮ ಸೀತನಿ ಇದು. ನಮ್ಮ ಹೊಲದ್ದೇ ರುಚಿ."

ಬೊಗಸೆಯ ಕಾಳು ಮುಗಿಯುವವರೆಗೆ ತಿಂದಳು. ಸೂರ್ಯ ನೀರಿಗೆ ಒಂದು ಮೊಳ ಮೇಲಿದ್ದ. ಆಮೇಲೆ ಎದ್ದುಹೋಗಿ ಕ್ಯಾರವಾನಿನ ಬಾಗಿಲ ಮೆಟ್ಟಿಲ ಮೇಲೆ ಕೂತಳು.

"ಬಸ್ಯಾ, ಕೀಲಿಕೈ ತಾ."

ಮಾಮಾ ಕೊಟ್ಟ. ಅವಳು ಅದನ್ನು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿದಳು. "ಇನ್ನ ನೀ ಎಲ್ಲೂ ಹೋಗಂಗಿಲ್ಲ, ದಾರಿ ತಪ್ಪಂಗಿಲ್ಲ. ವಿಜೂ, ಒಳಗ ಬಂದು ಕುಂಡ್ರು. ಮನ್ಯಾಗ ಅಂತ ಮಾತು ಆಗಿತ್ತು."

ನಾನು ಅವಳ ಬೆನ್ನ ಹಿಂದೆ ಕೂತೆ.

"ಆವತ್ತು ಮನಿ ಹೊಳ್ಳಿ ಊರಿಗಿ ಹೋತಾ ಅಂತ ಕೇಳಿದಿ. ನಮ್ಮವ್ವ ಹೇಳಿದ ಕಥ್ಯಾಗ ಅದು ಹೋಗಂಗಿಲ್ಲ. ನೀ ದಿನಾ ರಾತ್ರಿ ಬೀದರಕ್ಕ ಹೋಗೂಣು ಅಂತ ಅಳತಿದ್ದಿ. ಹೋತು ಅಂತ ಸುಳ್ಳ ಹೇಳ್ಲಾ? ಇಲ್ಲ ಅಂತ ಅಳಸ್ಲಾ? ಅದಕ್ಕ ಕಾಲು ಎತ್ತಿಸಿ ನಿಲ್ಲಿಸಿದೆ."

"ಈಗ ಅಳಂಗಿಲ್ಲ. ಹೇಳು."

ಅಜ್ಜಿ ನೀರಿನ ಕಡೆ ನೋಡುತ್ತ ಹೇಳಿದಳು. ಮುದುಕಿಗೆ ಆ ದಂಡೆಯಲ್ಲಿ ಊರು ನೆನಪಾಯಿತು. ಹಿಂದಕ್ಕೆ ನಡಿ ಎಂದಳು. ಎತ್ತಿದ ಕಾಲಲ್ಲೇ ಮನೆ ತಿರುಗಿತು. ನೋಡಿದರೆ, ಹರಕು ಚೀಲದಿಂದ ದಾರಿಯುದ್ದಕ್ಕೂ ಉದುರಿದ ಜೋಳ ಮೊಳೆತು, ಬೆಳೆದು, ತೆನೆ ಬಿಟ್ಟಿತ್ತು. ಮುದುಕಿ ಮೊದಲ ಹೊಲದ ಸೀತನಿ ತಿಂದಳು. ಇದೇ ನಮ್ಮೂರು, ಇಳಿಸು ಎಂದಳು. ಮನೆ, ಇನ್ನೂ ದೂರ ಐತಲ್ಲ ಎಂದಿತು. ಮುಂದಿನ ಹೊಲದಲ್ಲೂ ತಿಂದಳು. ಅದೂ ಅದೇ ರುಚಿ.

"ಹೂಂ," ಎಂದ ಮಾಮಾ, ಚಟ್ನಿ ನೆಕ್ಕುತ್ತ.

"ನೀ ಬ್ಯಾಡೋ, ಆಕಿ ಅನ್ನಬೇಕು!"

ಕನ್ನಡ ಬಾರದ ಭುಜಂಗರಾವ್ ಕೆಂಡ ಕೆದಕುತ್ತ ತಾವೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

"ಎಲ್ಲಾ ಹೊಲಾ ತಿಂದ್ಲು. ಎಲ್ಲಾ ನಮ್ಮೂರೇ ಅಂದ್ಲು. ಮನಿಗಿ ಯಾವ ಊರಿಗಿ ಹೋಗಬೇಕಂತ ತಿಳೀಲಿಲ್ಲ. ದಾರಿ ತಪ್ಪಿತು. ತಪ್ಪಿದಲ್ಲೇ ಕಾಲು ಇಳಿಸಿ ಕುಂತಿತು. ಮುದುಕಿ ಕೆಳಗಿಳಿದು ಒಲಿ ಹೂಡಿದ್ಲು. ಆತು, ಇಷ್ಟೇ."

ನೀರಿನ ಮೇಲೆ ಗುಲಾಬಿ ಹಕ್ಕಿಗಳ ಸಾಲೊಂದು ಹಾದುಹೋಯಿತು. ಅಜ್ಜಿ ತಿರುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನ ಬಾಯ್ತುಂಬ ಕಾಳಿತ್ತು. ಗಡಬಡಿಸಿ ನುಂಗಿದೆ.

"ಹೂಂ," ಎಂದೆ.