ಹಲ್ಲು ಮೂಡಿದ ಬೆರಳುಗಳು

ದೊಡ್ಡಮ್ಮನ ರಫೂ ಕೆಲಸ ಕಂಡುಹಿಡಿಯುವವರು ಇನ್ನೂ ಹುಟ್ಟಿಲ್ಲ ಎಂದು ಡ್ರೈಕ್ಲೀನಿಂಗ್ ಅಂಗಡಿಯವನು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಸುಳ್ಳಲ್ಲ ಬಿಡಿ. ಹುಳು ತಿಂದ ಕೋಟು, ಕಿಡಿ ಬಿದ್ದು ಸುಟ್ಟ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಶಾಲು, ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಸೂಜಿಯಲ್ಲೇ ನೇಯ್ದುಬಿಡುತ್ತಿದ್ದಳು. ಆಮೇಲೆ ತೂತು ಎಲ್ಲಿತ್ತೆಂದು ಬಟ್ಟೆ ಕೊಟ್ಟವನೇ ತಡಕಾಡಬೇಕು.

ಆ ಕೈಗಳನ್ನು ವಿಡಿಯೋ ಮಾಡಿಕೊಡಿ ಎಂದು ಒಂದು ಹೊಲಿಗೆ ಶಾಲೆಯವರು ಕೇಳಿದ್ದು ದೊಡ್ಡಮ್ಮನ ತಂಗಿಯ ಮಗಳನ್ನು. ಮದುವೆ, ಭಾಷಣ, ಶಾಲೆಯ ನಾಟಕ ಎಲ್ಲಕ್ಕೂ ಕ್ಯಾಮ್‌ಕಾರ್ಡರ್ ಹೊತ್ತು ಓಡುವವಳು. ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಬೀದಿಯವರಿಗೆಲ್ಲ ಅವಳು ಇನ್ನೂ ಕ್ಯಾಮೆರಾ ಹುಡುಗಿಯೇ. ಅವಳು ದೊಡ್ಡಮ್ಮನನ್ನು ಕಿಟಕಿ ಪಕ್ಕ ಕೂರಿಸಿದಳು, ಸೆಕೆ ಎಂದು ಫ್ಯಾನ್ ಹಾಕಿದಳು, ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಬೆರಳುಗಳ ಹತ್ತಿರಕ್ಕೆ ಎಳೆದು ಚಿತ್ರೀಕರಿಸಿದಳು. ಮುಗಿದ ಮೇಲೆ ಫೈಲುಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಕರೆದಳು.

"ಬಾ ದೊಡ್ಡಮ್ಮ, ನಿನ್ನ ಕೈ ನೋಡ್ಕೋ."

ಆ ಫೈಲುಗಳೋ ಭಾರಿ ತೂಕದವು. ಹಳೆಯ ಲ್ಯಾಪ್‌ಟಾಪು ಏದುಸಿರು ಬಿಡುತ್ತಾ ಓಡಿಸಿತು. ಕೈಗಳು ಸರಾಗವಾಗಿ ಸಾಗದೆ ತಡೆತಡೆದು ಜಿಗಿದವು. "ತಡಿ, ನಿಲ್ಸಿ ತೋರಿಸ್ತೀನಿ" ಎಂದು ಅವಳು ಚಿತ್ರವನ್ನು ನಿಲ್ಲಿಸಿದಳು. ಸೂಜಿ ಎಳೆಯುತ್ತಿದ್ದ ಬೆರಳುಗಳ ಎರಡೂ ಅಂಚಿಗೆ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗಳು ಎದ್ದಿದ್ದವು. ಒಂದೊಂದು ಬೆರಳೂ ಎರಡೆರಡಾಗಿ ಕಾಣುತ್ತಿತ್ತು. ಈ ಹಲ್ಲುಗಳನ್ನು ಎಷ್ಟೋ ಮದುವೆಯ ಕುಣಿತಗಳಲ್ಲಿ ನೋಡಿ ನೋಡಿ ಅವಳ ಕಣ್ಣಿಗೆ ಅವು ಬೀಳುವುದೇ ನಿಂತುಹೋಗಿತ್ತು. ಟಿವಿಯಲ್ಲಿ ಹಾಕಿದರೆ ಮಾಯವಾಗುತ್ತಿದ್ದವು, ಅಲ್ಲಿಗೆ ಮುಗಿಯಿತು. ಅವಳ ತಲೆಯಲ್ಲಿ ಇದ್ದದ್ದು ಬೆಳಕು ಒಂದೇ.

"ಬೆಳಕು ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ?" ಎಂದಳು ಮಹಾರಾಯಿತಿ.

"ಹೂಂ" ಎಂದು ದೊಡ್ಡಮ್ಮ ಎದ್ದು ಹೋದಳು.

ಮುಂದಿನ ವಾರ ಅಂಗಡಿಯವನ ಫೋನು. "ನಿಮ್ಮ ದೊಡ್ಡಮ್ಮನಿಗೆ ಹುಷಾರಿಲ್ವಾ? ಕೋಟು ಮುಟ್ಟದೆ ಹಾಗೇ ವಾಪಸ್ ಕಳಿಸಿದಾರೆ. ಇನ್ಮೇಲೆ ಕೊಡ್ಬೇಡಿ ಅಂದ್ರು."

ಹುಡುಗಿ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಓಡಿದಳು. ದೊಡ್ಡಮ್ಮ ಕಿಟಕಿ ಪಕ್ಕದ ಅದೇ ಕುರ್ಚಿಯಲ್ಲಿ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ಕೂತಿದ್ದಳು. ಸೂಜಿ ಡಬ್ಬಿ ಕಪಾಟಿನ ಮೇಲೆ ಏರಿತ್ತು. ಮೇಜಿನ ಮೇಲೆ ಲೋಟದಲ್ಲಿ ಅರ್ಧ ನೀರು.

"ಏನಾಯ್ತು ದೊಡ್ಡಮ್ಮ?"

"ಏನಾಗ್ಬೇಕು? ನೀನೇ ತೋರ್ಸಿದ್ಯಲ್ಲ. ನನ್ನಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೆಕೊನೆಗೆ ಲೋಟ ತುಂಬಾ ನೀರು ಕೊಟ್ರೆ ಅರ್ಧ ಮಡಿಲಿಗೇ. ನಾವು ಅರ್ಧಾನೇ ತುಂಬಿಸಿ ಕೊಡ್ತಿದ್ವಿ. ಬೇರೆಯವರ ಕೋಟು ಹಾಳು ಮಾಡೋಕ್ಕಿಂತ ಮೊದಲೇ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು ಬಿಡು."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಇಷ್ಟು ವರ್ಷ ಸೂಜಿ ಹಿಡಿದ ಹೆಂಗಸನ್ನು ಕೂರಿಸಿ, ಈ ಹಾಳು ಹಲ್ಲು ತೋರಿಸಿ, ಬೆಳಕು ಚೆನ್ನಾಗಿದೆ ಅಂದಳಲ್ಲ! ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅದೇ ಚಿತ್ರವನ್ನು ಮುಂದಿಟ್ಟಳು.

"ಅದು ನಡುಕ ಅಲ್ಲ ದೊಡ್ಡಮ್ಮ. ನೀನು ಒಂದು ಎಳೆ ಬಿಟ್ಟು ಒಂದು ಎಳೆ ಎತ್ತಿ ನೇಯ್ತೀಯಲ್ಲ, ಈ ಕ್ಯಾಮೆರಾನೂ ಹಾಗೇ. ಚಿತ್ರ ಪೂರ್ತಿ ಒಂದೇ ಸಲ ತೆಗೆಯಲ್ಲ. ಒಂದು ಗೆರೆ ಬಿಟ್ಟು ಒಂದು ಗೆರೆ ಮೊದಲು ತೆಗೆಯುತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಬಿಟ್ಟ ಗೆರೆ ತುಂಬುತ್ತೆ. ಅಷ್ಟರಲ್ಲಿ ನಿನ್ನ ಕೈ ಮುಂದೆ ಹೋಗಿರುತ್ತೆ. ಎರಡನ್ನೂ ಒಟ್ಟಿಗೆ ಹೆಣೆದ್ರೆ ಅಂಚು ಕೂಡಲ್ಲ. ನೋಡಿಲ್ಲಿ, ಕತ್ತರಿಗೆ ಹಲ್ಲಿಲ್ಲ, ಮೇಜಿಗಿಲ್ಲ. ಹಿಂದಿನ ಕಿಟಕಿ ಪರದೆಗಿದೆ. ಪರದೆಗೂ ನಡುಕದ ಕಾಯಿಲೇನಾ?"

ದೊಡ್ಡಮ್ಮ ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದಳು. "ಪರದೆಗೆ ಫ್ಯಾನಿನ ಗಾಳಿ. ನನ್ನ ಕೈಗೆ ಯಾವ ಗಾಳಿ?"

ಇವಳ ಬಾಯಿಗೆ ಎದುರು ಹೇಳಿ ಗೆದ್ದವರಿಲ್ಲ. ಹುಡುಗಿ ಮಾತು ಬಿಟ್ಟು ಕೆಲಸಕ್ಕೆ ಇಳಿದಳು. ಹೆಣೆದುಕೊಂಡಿದ್ದ ಆ ಎರಡು ಅರ್ಧಗಳನ್ನು ಬಿಡಿಸಿ, ಒಂದೊಂದನ್ನೂ ಪೂರ್ತಿ ಚಿತ್ರ ಮಾಡಿ, ಫೈಲನ್ನು ಹೊಸದಾಗಿ ತಯಾರಿಸಿದಳು. ಲ್ಯಾಪ್‌ಟಾಪು ಗುರುಗುಟ್ಟುತ್ತಾ ಕೂತಿತು.

ಈಗ ಕೈಗಳು ನೀರಿನ ಹಾಗೆ ಸಾಗಿದವು. ಹಲ್ಲಿಲ್ಲ, ಜಿಗಿತವಿಲ್ಲ. ಹುಡುಗಿ ಗೆದ್ದೆ ಎಂದುಕೊಂಡು ತಿರುಗಿ ನೋಡಿದರೆ ದೊಡ್ಡಮ್ಮನ ಮುಖ ಇನ್ನೂ ಬಾಡಿತ್ತು.

"ಚೆನ್ನಾಗಿ ತಿದ್ದಿದೀಯ" ಎಂದಳು. "ಫೋಟೋದವರು ಮುಖದ ಸುಕ್ಕು ಅಳಿಸಲ್ವಾ, ಹಾಗೆ. ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಮಾಡ್ಬೇಡ ಮರಿ. ನಿನಗೆ ನನ್ನ ಮೇಲೆ ಪ್ರೀತಿ ಇದೆ, ಗೊತ್ತು."

ಹುಡುಗಿಗೆ ಅಳು ಒತ್ತರಿಸಿ ಬಂತು. ಪ್ರೀತಿಯೇ ಅಡ್ಡ ಬಂದು ನಿಂತರೆ ಯಾರನ್ನು ಬೈಯುವುದು? ಅವಳು ಏನೂ ತೋಚದೆ ಚಿತ್ರವನ್ನು ನಿಧಾನ ಮಾಡಿ ಬಿಟ್ಟಳು. ಸೂಜಿ ಬಟ್ಟೆಯೊಳಗೆ ಇಳಿದು, ಎಳೆಯನ್ನು ಎತ್ತಿಕೊಂಡು, ಮೆಲ್ಲಗೆ ಮೇಲೆ ಬಂತು. ದೊಡ್ಡಮ್ಮ ಬಗ್ಗಿದಳು. ಶಾಲಿನಿಂದ ಒಂದು ಕೈ ಹೊರಗೆ ಬಂದು ಲ್ಯಾಪ್‌ಟಾಪಿನ ತೆರೆಯ ಮೂಲೆ ಮುಟ್ಟಿತು.

"ಇದು?"

ಬಟ್ಟೆಯನ್ನು ಬಿಗಿ ಹಿಡಿದ ಎಡಗೈಯ ಕಿರುಬೆರಳು. ಉಳಿದ ಬೆರಳುಗಳು ಕಲ್ಲಿನ ಹಾಗೆ ನಿಂತಿದ್ದವು, ಅದೊಂದು ಮಾತ್ರ ಸಣ್ಣಗೆ ಅದುರುತ್ತಿತ್ತು. ಮೊದಲು ಹಲ್ಲುಗಳ ಗೊಂದಲದಲ್ಲಿ ಮುಚ್ಚಿಹೋಗಿದ್ದದ್ದು ಈಗ ನಿಚ್ಚಳವಾಗಿ ಕಾಣುತ್ತಿತ್ತು. ಹುಡುಗಿ ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಮತ್ತೆ ಅದುರಿತು.

ಅದೂ ಕ್ಯಾಮೆರಾದ್ದೇ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಜ ಹೇಳಿದ್ದಕ್ಕೆ ದೊಡ್ಡಮ್ಮ ಇನ್ನಷ್ಟು ಕುಗ್ಗಿಹೋದರೆ? ಅಜ್ಜಿಯ ಅರ್ಧ ಲೋಟ ಅವಳಿಗೂ ನೆನಪಿತ್ತು. ಆದರೆ ತಾನು ಮೊದಲ ದಿನ ನೋಡಿಯೂ ನೋಡದೆ ಮಾತಾಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಎರಡನೇ ಸಲ ಅದನ್ನೇ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ.

"ಇದು ಕ್ಯಾಮೆರಾದ್ದಲ್ಲ ದೊಡ್ಡಮ್ಮ" ಎಂದಳು. "ಇದು ನಿನ್ನ ಬೆರಳೇ. ಅದುರ್ತಿದೆ. ಡಾಕ್ಟರಿಗೆ ತೋರಿಸೋಣ."

ದೊಡ್ಡಮ್ಮ ಕನ್ನಡಕ ತೆಗೆದಳು. ಶಾಲಿನ ತುದಿಯಿಂದ ಗಾಜು ಒರೆಸಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

"ಗೊತ್ತು. ಇದೊಂದಕ್ಕೆ ಹೋದ ವರ್ಷದಿಂದ ಇದೆ. ಯಾರಿಗೂ ಹೇಳಿರ್ಲಿಲ್ಲ. ನೀನು ಏನಂತೀಯ ನೋಡೋಣ ಅಂತ ಕೇಳಿದೆ."

ಹುಡುಗಿ ಚಿತ್ರವನ್ನು ನಿಲ್ಲಿಸಿದಳು.

"ಇದನ್ನೂ ಕ್ಯಾಮೆರಾದ ಮೇಲೆ ಹಾಕಿದ್ದಿದ್ರೆ, ನೀನು ಹೇಳಿದ್ದೆಲ್ಲ ಬರೀ ಸಮಾಧಾನ ಅಂತ ತಿಳ್ಕೊಂಡು ಸುಮ್ಮನಾಗಿಬಿಡ್ತಿದ್ದೆ." ದೊಡ್ಡಮ್ಮ ಎರಡು ಕೈಗಳನ್ನೂ ಹೊರಗೆ ತೆಗೆದು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟಳು. ಇಬ್ಬರೂ ನೋಡಿದರು. "ಹಾಗಾದ್ರೆ ಉಳಿದ ಒಂಬತ್ತು ಸರಿಯಾಗಿವೆ."

"ಸರಿಯಾಗಿವೆ."

"ಕಿರುಬೆರಳಿನ ಜಾಗಕ್ಕೆ ಬಟ್ಟೆ ಹಿಡಿಯೋಕೆ ಒಂದು ಕ್ಲಿಪ್ಪು ಸಾಕು. ಅಂಗಡಿಯವನಿಗೆ ಫೋನ್ ಹಚ್ಚು, ಆ ಕೋಟು ಬೇರೆ ಯಾರ ಕೈಗಾದ್ರೂ ಕೊಟ್ಟು ಕೆಡಿಸಿಬಿಟ್ಟಾನು. ಮೊದಲು ಸ್ವಲ್ಪ ನೀರು ಕೊಡು."

ಹುಡುಗಿ ಮೇಜಿನ ಮೇಲಿದ್ದ ಅರ್ಧ ಲೋಟಕ್ಕೆ ಕೈ ಹಾಕಿದಳು.

"ತುಂಬಿಸ್ಕೊಂಡು ಬಾರೇ" ಎಂದಳು ದೊಡ್ಡಮ್ಮ.